ಜಾಮಿನಲ್ಲಿ ಕಟ್ಟಿದ ಬಂದರು ರಾಜ್ಯ

ಆ ರಾಜ್ಯಕ್ಕೆ ಹೆಸರಿರಲಿಲ್ಲ. ಇಡೋಣ ಎಂದು ನಾನೇ ಒಂದೆರಡು ಸಲ ಹೇಳಿದ್ದೆ, ಮಗಳು ಒಪ್ಪಲಿಲ್ಲ. ಹೆಸರಿಟ್ಟರೆ ಶತ್ರುಗಳು ಹುಡುಕಿಕೊಂಡು ಬರುತ್ತಾರೆ ಎನ್ನುವುದು ಅವಳ ವಾದ. ಏಳು ವರ್ಷದ ಹುಡುಗಿಯ ರಾಜನೀತಿಗೆ ಎದುರಾಡುವಷ್ಟು ಬುದ್ಧಿ ನನಗಿರಲಿಲ್ಲ. ಹಾಗಾಗಿ ಅದು ಕೊನೆಯವರೆಗೂ ಬರೀ ‘ರಾಜ್ಯ’ವಾಗಿಯೇ ಉಳಿಯಿತು, ಅದನ್ನಾಳಿದವಳು ಬರೀ ‘ರಾಣಿ’. ರಾಜ್ಯಕ್ಕೆ ಒಂದು ಬಂದರು, ಒಂದು ಕೋಟೆ, ಮೆಣಸಿನ ಉಗ್ರಾಣಗಳು, ಎಲ್ಲವೂ ಇದ್ದವು. ಆದರೆ ಅದು ಇದ್ದದ್ದು ನಮ್ಮ ಹಳೇ ಕಾರಿನೊಳಗೆ, ಬೆಳಿಗ್ಗೆ ಲೊರೆಶೋದ ನಮ್ಮ ಮನೆ ಬಿಟ್ಟು ಶಾಲೆಯ ಗೇಟು ಮುಟ್ಟುವವರೆಗೆ ಮಾತ್ರ.

ಗಂಡನಿಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಸ್ವಲ್ಪ ಕಾಲಕ್ಕೆ ಎಂದು ಬೆಂಗಳೂರಿನಿಂದ ಕಳಿಸಿದವರು ಆಮೇಲೆ ನಮ್ಮನ್ನು ಮರೆತೇಬಿಟ್ಟರೇನೋ, ನಾವು ನೈರೋಬಿಯಲ್ಲೇ ಉಳಿದೆವು. ಅವರು ತಿಂಗಳಲ್ಲಿ ಅರ್ಧದಷ್ಟು ದಿನ ಕಂಪಾಲಾ, ದಾರ್ ಎಸ್ ಸಲಾಮ್ ಎಂದು ಸುತ್ತುತ್ತಿದ್ದರು. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದ್ದ ನಾನು ಮನೆಯಲ್ಲಿ ಕೂತು ಗೋಡೆ ನೋಡಲಾರದೆ ಇಂಡಸ್ಟ್ರಿಯಲ್ ಏರಿಯಾದ ಒಂದು ಸೋಪಿನ ಫ್ಯಾಕ್ಟರಿಯಲ್ಲಿ ಗುಣಮಟ್ಟ ನೋಡುವ ಕೆಲಸ ಹಿಡಿದೆ. ಶಾಲೆ ಅದೇ ದಾರಿಯಲ್ಲಿತ್ತು. ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ ವೈಯಾಕಿ ವೇ ಎಂಬ ಹೆದ್ದಾರಿ ಸೇರುವಷ್ಟರಲ್ಲಿ ಜಾಮು. ಅಲ್ಲಿಂದ ಮುಂದೆ ಪ್ರತಿ ರೌಂಡಬೌಟಿನಲ್ಲೂ ಪೊಲೀಸನ ಕೈ ಮೇಲೇಳುವುದನ್ನೇ ಕಾಯುವುದು. ಸಿಗ್ನಲ್ ದೀಪಗಳು ತಮ್ಮ ಪಾಡಿಗೆ ಹಸಿರು, ಕೆಂಪು ಆಗುತ್ತಿದ್ದವು. ಅವುಗಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ನನ್ನ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ ಅನ್ನಿ. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಬರುತ್ತಿರಲಿಲ್ಲ. ‘ಹಲ್ಲುಜ್ಜಿದ್ಯಾ?’ ಎಂದರೆ ‘ಯೆಸ್.’ ‘ಹಸಿವಾ?’ ಎಂದರೆ ‘ನಾಟ್ ರಿಯಲಿ.’ ಅಲ್ಲಿನ ನಮ್ಮವರ ಮನೆಗಳಲ್ಲೆಲ್ಲ ಇದೇ ಪಾಡು. ದೊಡ್ಡವರು ಕನ್ನಡದಲ್ಲಿ ಕೂಗುವುದು, ಮಕ್ಕಳು ಇಂಗ್ಲಿಷಿನಲ್ಲಿ ಗೊಣಗುವುದು. ಉಳಿದವರು ಇದಕ್ಕೆ ನಕ್ಕು ಸುಮ್ಮನಾಗಿದ್ದರು. ನನಗೆ ಮೈ ಉರಿಯುತ್ತಿತ್ತು. ನನ್ನ ಮಗಳು ನನ್ನ ಭಾಷೆಯಲ್ಲಿ ನನ್ನ ಹತ್ತಿರ ಜಗಳವಾಡಬೇಕು ಎಂಬ ಒಂದೇ ಆಸೆ ನನ್ನದು. ಅದೇನು ದೊಡ್ಡ ಆಸೆಯೂ ಅಲ್ಲ.

ಒಂದು ಬೆಳಿಗ್ಗೆ ಮುಂದೆಲ್ಲೋ ಲಾರಿ ಮಗುಚಿ ಎಲ್ಲ ನಿಂತಿತ್ತು. ಅವಳು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ‘ಐಯಾಮ್ ಬೋರ್ಡ್’ ಎಂದು ರಾಗ ಎಳೆದಳು.

‘ಕನ್ನಡದಲ್ಲಿ ಕೇಳು, ಕಥೆ ಹೇಳ್ತೀನಿ,’ ಎಂದೆ.

ಗಾಜಿನಿಂದ ಮೂಗು ತೆಗೆದು ನನ್ನತ್ತ ತಿರುಗಿದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, ‘ಅಮ್ಮ, ಕಥೆ ಹೇಳು.’

ಈಗ ಸಿಕ್ಕಿಬಿದ್ದವಳು ನಾನು. ನನಗೆಲ್ಲಿಯ ಕಥೆ? ನನಗಿದ್ದ ಬಂಡವಾಳ ಒಂದೇ. ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಉದ್ದ ಇದ್ದೆನೆಂದು ಪ್ರತಿ ವಾರ್ಷಿಕೋತ್ಸವದ ಐತಿಹಾಸಿಕ ನಾಟಕದಲ್ಲಿ ನನ್ನನ್ನು ದ್ವಾರಪಾಲಕನನ್ನಾಗಿ ನಿಲ್ಲಿಸುತ್ತಿದ್ದರು. ಕೈಯಲ್ಲಿ ರಟ್ಟಿನ ಈಟಿ. ‘ಅಪ್ಪಣೆ, ಮಹಾಪ್ರಭು’ ಎಂಬುದಷ್ಟೇ ನನ್ನ ಮಾತು. ಆದರೆ ನಾಟಕದುದ್ದಕ್ಕೂ ಅಲ್ಲೇ ಕಂಬದ ಹಾಗೆ ನಿಂತಿರಬೇಕಲ್ಲ, ರಾಜರ, ಮಂತ್ರಿಗಳ, ದಂಡನಾಯಕರ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಆ ಬಂಡವಾಳದ ಮೇಲೆ ಬಾಯಿ ಬಿಟ್ಟೆ. ಒಂದಾನೊಂದು ಕಾಲದಲ್ಲಿ ಒಂದು ಬಂದರು, ಅದಕ್ಕೊಬ್ಬಳು ರಾಣಿ. ಲಾರಿ ಎತ್ತುವಷ್ಟರಲ್ಲಿ ರಾಣಿ ಕುದುರೆ ಏರಿಯಾಗಿತ್ತು.

ಅಂದಿನಿಂದ ಕಾರಿನಲ್ಲಿ ಒಂದು ಕಟ್ಟಳೆ ಬಂತು. ‘ಆಮೇಲೆ?’ ಎಂದು ಕನ್ನಡದಲ್ಲಿ ಕೇಳಿದರೆ ಕಥೆ ಮುಂದಕ್ಕೆ ಹೋಗುತ್ತದೆ. ‘ಆಂಡ್ ದೆನ್?’ ಎಂದರೆ ರೇಡಿಯೋ ಹಾಕಲಾಗುತ್ತದೆ.

ರಾಣಿ ಎಡಗೈಯವಳು, ಮಗಳು ಎಡಚಿ ಆದ್ದರಿಂದ. ಎಡಗೈಯಲ್ಲಿ ಕತ್ತಿ ಹಿಡಿದು ಬರುವವಳ ಎದುರು ಎಂಥ ವೀರನೂ ಒಂದು ಗಳಿಗೆ ತಬ್ಬಿಬ್ಬಾಗುತ್ತಿದ್ದ. ಆ ಒಂದು ಗಳಿಗೆ ಅವಳಿಗೆ ಸಾಕು. ಆದರೆ ಯುದ್ಧಕ್ಕಿಂತ ಹೆಚ್ಚಾಗಿ ಅವಳು ಹೊಡೆದಾಡುತ್ತಿದ್ದದ್ದು ತಕ್ಕಡಿಗಳ ಜೊತೆ. ಬಂದರಿಗೆ ಬಂದ ವರ್ತಕ ಯಾವ ದೇಶದವನು, ಯಾವ ದೇವರನ್ನು ಪೂಜಿಸುವವನು ಎಂದು ಕೇಳುವಂತಿಲ್ಲ. ಅವನ ತೂಕದ ಕಲ್ಲು ಸರಿಯಿದೆಯೇ ಎಂದಷ್ಟೇ ನೋಡಬೇಕು. ರಾಣಿಯೇ ಬೆಳಿಗ್ಗೆದ್ದು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಎತ್ತಿ ಹಿಡಿಯುವಳು. ಕಳ್ಳತೂಕದವನ ಕಲ್ಲನ್ನು ಸಮುದ್ರಕ್ಕೆ ಎಸೆಯುವಳು. ಫ್ಯಾಕ್ಟರಿಯಲ್ಲಿ ನಾನು ಸೋಪು ತೂಗುವುದನ್ನು ಮಗಳು ಒಮ್ಮೆ ನೋಡಿದ್ದಳು, ಇದೆಲ್ಲ ಅಲ್ಲಿಂದ ಬಂದದ್ದು.

ಬಂದರಿನ ಬಾಯಿಗೆ ಒಂದು ದಪ್ಪ ಕಬ್ಬಿಣದ ಸರಪಳಿ. ಶತ್ರುವಿನ ಹಡಗು ಕಂಡರೆ ಗೋಪುರದ ಮೇಲಿಂದ ರಾಣಿ ಕೂಗುತ್ತಾಳೆ, ಆಳುಗಳು ರಾಟೆ ತಿರುಗಿಸುತ್ತಾರೆ, ಸರಪಳಿ ನೀರಿನಿಂದ ಮೇಲೆದ್ದು ದಾರಿ ಮುಚ್ಚುತ್ತದೆ. ಇದು ನನ್ನ ಕಲ್ಪನೆ, ಇವತ್ತಿಗೂ ನನಗೆ ಇದರ ಬಗ್ಗೆ ಸ್ವಲ್ಪ ಜಂಬವಿದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಅವಳದು. ಬಂದರಿನಲ್ಲಿ ಜನರನ್ನು ಆ ದಡ ಈ ದಡ ದಾಟಿಸಲು, ನೈರೋಬಿಯ ರಸ್ತೆಗಳ ಮಟಾಟು ವ್ಯಾನುಗಳ ಹಾಗೆ, ಮಟಾಟು ದೋಣಿಗಳು ಇರಬೇಕೆಂದಳು. ಮೈತುಂಬ ಚಿತ್ರ ಬಿಡಿಸಿಕೊಂಡು, ನಗಾರಿ ಬಾರಿಸಿಕೊಂಡು ಹೋಗುವ ದೋಣಿಗಳು. ಹುಟ್ಟುಗೋಲಿನಿಂದ ದೋಣಿಯ ಬದಿಗೆ ಬಡಿದು ‘ಹತ್ತಿ ಹತ್ತಿ’ ಎಂದು ಕೂಗುವ ಕಂಡಕ್ಟರು. ಉಹುರು ಹೈವೇಯ ಕೊನೆಯ ರೌಂಡಬೌಟಿನ ಹತ್ತಿರ ಜಾಲಿ ಮರಗಳ ಮೇಲೆ ದೊಡ್ಡ ದೊಡ್ಡ ಮರಬು ಕೊಕ್ಕರೆಗಳು ಕೂತಿರುತ್ತವೆ, ಬೋಳು ತಲೆ, ಕತ್ತಿನಲ್ಲೊಂದು ಚೀಲ, ಮುಖದಲ್ಲಿ ಲೋಕದ ಬಗ್ಗೆ ಬೇಸರ. ಅವರೇ ರಾಣಿಯ ಮಂತ್ರಿಗಳಾದರು. ‘ಮಂತ್ರಿಗಳು ಇವತ್ತೂ ಸುಮ್ಮನೆ ಕೂತಿದ್ದಾರೆ,’ ಎಂದು ಅವಳು ಹೇಳಿದಾಗ ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಿದ್ದೆ. ಹಿಂದಿನ ಕಾರಿನವನು ಹಾರನ್ ಹೊಡೆದೇ ಹೊಡೆದ.

ಹೀಗೆ ವರ್ಷವಾಗುವಷ್ಟರಲ್ಲಿ ನನ್ನ ಮಗಳ ಬಾಯಲ್ಲಿ ಕನ್ನಡ ಬಂತು. ಎಂಥ ಕನ್ನಡ ಅಂತೀರಿ! ಅವಳಿಗೆ ಸುಂಕ ಗೊತ್ತು, ಉಗ್ರಾಣ ಗೊತ್ತು, ದಂಡನಾಯಕ ಗೊತ್ತು, ಒಗ್ಗರಣೆ ಗೊತ್ತಿಲ್ಲ. ಸ್ನಾನಕ್ಕೆ ಕರೆದರೆ ‘ಅಪ್ಪಣೆ, ಮಹಾರಾಣಿ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗುವಳು. ಅವರಪ್ಪ ಪ್ರಯಾಣ ಮುಗಿಸಿ ಬಂದರೆ ಬಾಗಿಲಲ್ಲಿ ನಿಂತು ‘ಯಾವ ದೇಶದ ವರ್ತಕರು? ಸರಕು ಏನು ತಂದಿರಿ?’ ಎಂದು ತಡೆಯುವಳು. ಅವರು ಸೂಟ್‌ಕೇಸ್ ಇಳಿಸಿ ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಆ ಮನೆಯಲ್ಲಿ ನಾವು ಮೂವರೂ ಅದನ್ನು ನಿಜವಾದ ಮಾತೆಂದೇ ನಡೆಸಿಕೊಂಡು ಹೋಗುತ್ತಿದ್ದೆವು. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವು ಆ ದಿನಗಳು.

ಆಮೇಲೆ ದೀಪಾವಳಿ ಬಂತು.

ನಮ್ಮ ಕನ್ನಡದ ಮನೆಗಳವರು ಸೇರಿ ಪಂಗಾನಿ ಬಡಾವಣೆಯಲ್ಲಿ ಒಂದು ಹಾಲ್ ಹಿಡಿದು ಊಟ ಇಟ್ಟುಕೊಳ್ಳುವ ರೂಢಿಯಿತ್ತು. ಒಬ್ಬೊಬ್ಬರು ಒಂದೊಂದು ಮಾಡಿ ತರುವುದು. ಬ್ಯಾಂಕಿನವರ ಮನೆಯ ಬಿಸಿಬೇಳೆಬಾತು, ಕರಾವಳಿಯವರ ಕೋಸಂಬರಿ, ಯಾರದೋ ಗಟ್ಟಿಯಾದ ಮೈಸೂರು ಪಾಕು. ಮೊಸರನ್ನ ಮಾಡುತ್ತಿದ್ದವರು ನಮ್ಮೆಲ್ಲರಿಗಿಂತ ಹಿರಿಯರಾದ ಒಬ್ಬ ಆಂಟಿ. ಅಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಮಾಲಾ ಎಂಬ ಹುಳಿಹಾಲು ಹಾಕಿ, ದ್ರಾಕ್ಷಿ, ದಾಳಿಂಬೆ ಉದುರಿಸಿ ಅವರು ಕಲಸಿದ ಮೊಸರನ್ನಕ್ಕೆ ಮಕ್ಕಳು ಮುಗಿಬೀಳುತ್ತಿದ್ದರು. ಬಹಳ ಒಳ್ಳೆಯ ಹೆಂಗಸು. ನನಗೆ ಜ್ವರ ಬಂದಾಗ ವಾರವಿಡೀ ಸಾರು ಕಳಿಸಿದವರು.

ಮಗಳು ಒಮ್ಮೆ ತಿಂದು, ಖಾಲಿ ತಟ್ಟೆ ಹಿಡಿದುಕೊಂಡು ಮತ್ತೆ ಅವರ ಮುಂದೆ ನಿಂತಳು. ನಾನು ಪಕ್ಕದಲ್ಲೇ ಬಿಸಿಬೇಳೆಬಾತು ಬಡಿಸುತ್ತಿದ್ದೆ. ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ಅವಳು ಸ್ಪಷ್ಟವಾಗಿ ಹೇಳಿದಳು.

‘ಆಂಟಿ, ಅಪ್ಪಣೆಯಾದರೆ ಇನ್ನೂ ಒಂದಿಷ್ಟು ಮೊಸರನ್ನ ದಯಪಾಲಿಸಿ.’

ಆಂಟಿಯ ಸೌಟು ಗಾಳಿಯಲ್ಲೇ ನಿಂತಿತು. ‘ಅಯ್ಯೋ ನನ್ನ ಬಂಗಾರ! ಏನಂದೆ, ಏನಂದೆ?’

ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ‘ದಯಪಾಲಿಸಿ ಅಂತೆ ರೀ!’ ಎಂದು ಆ ಮೂಲೆಯವರಿಗೆ ಕೂಗಿ ಹೇಳಿದರು. ಆ ಮೂಲೆಯವರು ಈ ಮೂಲೆಗೆ ಬಂದರು. ಆಂಟಿ ಸೌಟನ್ನು ಪಾತ್ರೆಯೊಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನು ಹೊರತೆಗೆದರು. ‘ತಡಿ ಪುಟ್ಟಿ, ಇನ್ನೊಂದ್ಸಲ ಹೇಳು, ವಿಡಿಯೋ ಮಾಡ್ಕೋತೀನಿ. ಎಲ್ಲಿ, ಹಾಗೇ ತಟ್ಟೆ ಹಿಡ್ಕೊ.’

ಅವಳು ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆ. ನಗದೆ ಏನು ಮಾಡಲಿ, ಎದೆ ಹಿಗ್ಗಿಹೋಗಿತ್ತು. ಆ ಹಾಲಿನಲ್ಲಿದ್ದ ಅಷ್ಟೂ ಮಕ್ಕಳಲ್ಲಿ ಬಾಯ್ತುಂಬ ಕನ್ನಡ ಆಡಿದವಳು ನನ್ನ ಮಗಳೊಬ್ಬಳೇ. ‘ಹೇಳು ಪುಟ್ಟಿ, ಪರವಾಗಿಲ್ಲ,’ ಎಂದೆ. ಅವಳು ಮತ್ತೊಮ್ಮೆ ಹೇಳಿದಳು, ಸ್ವಲ್ಪ ಮೆಲ್ಲಗೆ. ಮತ್ತೆ ನಗೆ. ಇನ್ನೊಬ್ಬರು ಅವಳನ್ನು ಎತ್ತಿ ಮೈಕಿನ ಮುಂದೆ ನಿಲ್ಲಿಸಿದರು. ಅಲ್ಲಿ ಅವಳು ಮೂರನೇ ಸಲ ಹೇಳಲಿಲ್ಲ. ತುಟಿ ಬಿಗಿದುಕೊಂಡು ನಿಂತಳು, ಅದಕ್ಕೂ ಎಲ್ಲರೂ ‘ನಾಚ್ಕೊಂಡ್ಲು, ನಾಚ್ಕೊಂಡ್ಲು’ ಎಂದು ಚಪ್ಪಾಳೆ ತಟ್ಟಿದರು.

ಕೆಟ್ಟ ಮನಸ್ಸಿನವರು ಅಲ್ಲಿ ಒಬ್ಬರೂ ಇರಲಿಲ್ಲ. ನಮ್ಮವರು ಮುದ್ದು ಮಾಡುವುದೇ ಹಾಗೆ. ಮಗು ಏನೋ ಚಂದ ಮಾಡಿದರೆ ಅದನ್ನು ನಾಲ್ಕು ಜನರ ಮುಂದೆ ಮತ್ತೆ ಮಾಡಿಸಬೇಕು, ಗಲ್ಲ ಹಿಂಡಬೇಕು, ಊರಿಗೆಲ್ಲ ಹಂಚಬೇಕು. ನನ್ನನ್ನೂ ಹಾಗೇ ಬೆಳೆಸಿದ್ದರು. ಬಂದ ನೆಂಟರ ಮುಂದೆಲ್ಲ ದ್ವಾರಪಾಲಕನ ಮಾತು ಹೇಳಿಸುತ್ತಿದ್ದರು, ನಾನು ಕುಣಿಯುತ್ತ ಹೇಳುತ್ತಿದ್ದೆ. ಆದರೆ ನನಗೆ ಅದು ನಾಟಕ. ಅವಳಿಗೆ ಅದು ಕನ್ನಡ. ಅವಳ ಹತ್ತಿರ ಬೇರೆ ಕನ್ನಡ ಇರಲಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ಜನ ಓದಿದವರ ತಲೆಗೆ ಆಗ ಹೊಳೆಯಲಿಲ್ಲ.

ವಿಡಿಯೋ ನಾವು ಲೊರೆಶೋ ಮುಟ್ಟುವ ಮೊದಲೇ ಮೈಸೂರು ಮುಟ್ಟಿತ್ತು. ಅಲ್ಲಿಂದ ನಗುವ ಮುಖಗಳು ಸಾಲುಸಾಲಾಗಿ ಬಂದವು. ಮರುದಿನ ನಮ್ಮಮ್ಮನ ಫೋನು. ‘ಎಲ್ಲಿ ಕೊಡು ಅವಳ ಕೈಗೆ. ಏನ್ ಪುಟ್ಟಮ್ಮ, ಅಜ್ಜಿಗೂ ಒಂದ್ಸಲ ದಯಪಾಲಿಸಿ ಅನ್ನು, ಕೇಳೋಣ.’

ಮಗಳು ಫೋನನ್ನು ನನ್ನ ಕೈಗೆ ಕೊಡುವ ಮೊದಲು ಹೇಳಿದ್ದು, ‘ಹಲೋ ಅಜ್ಜಿ. ಐಯಾಮ್ ಫೈನ್.’

ಕಾರಿನಲ್ಲಿ ಆಗ ರಾಣಿ ದೊಡ್ಡ ಇಕ್ಕಟ್ಟಿನಲ್ಲಿದ್ದಳು. ಬೆಳಕು ಹರಿಯುವ ಹೊತ್ತು. ಶತ್ರುವಿನ ಹಡಗುಗಳು ಬಂದರಿನತ್ತ ನುಗ್ಗುತ್ತಿವೆ. ರಾಣಿ ಗೋಪುರದ ಮೇಲಿದ್ದಾಳೆ. ಸರಪಳಿ ಎತ್ತಿಸಲು ಬಾಯಿ ತೆರೆದಿದ್ದಾಳೆ. ಅಷ್ಟರಲ್ಲಿ ನೋಡುತ್ತಾಳೆ, ತನ್ನದೇ ಒಂದು ವರ್ತಕರ ಹಡಗು ಸರಪಳಿಯ ಆಚೆ ಉಳಿದಿದೆ. ಎತ್ತಿಸಿದರೆ ಆ ಹಡಗು ಹೋಯಿತು, ಎತ್ತಿಸದಿದ್ದರೆ ಬಂದರೇ ಹೋಯಿತು. ಶುಕ್ರವಾರ ಶಾಲೆಯ ಗೇಟಿನಲ್ಲಿ ಕಥೆಯನ್ನು ಅಲ್ಲಿಗೆ ನಿಲ್ಲಿಸಿದ್ದೆ. ಶನಿವಾರ ಪಂಗಾನಿಯ ಊಟ. ಸೋಮವಾರ ಅವಳು ‘ಆಮೇಲೆ?’ ಎನ್ನಲಿಲ್ಲ.

ಕೇಳುತ್ತಾಳೆ ಎಂದು ಕಾದೆ. ಕಟ್ಟಳೆ ಕಟ್ಟಳೆಯೇ ಎಂದು ಬಿಗುಮಾನದಿಂದ ರೇಡಿಯೋ ಹಾಕಿದೆ. ಅವಳು ರೇಡಿಯೋ ಕೇಳಿದಳು. ಒಂದು ದಿನ ತಡೆಯಲಾರದೆ, ‘ರಾಣಿ ಕಾಯ್ತಿದ್ದಾಳೆ ಕಣೇ,’ ಎಂದೆ. ‘ಓಕೆ,’ ಎಂದಳು. ಇನ್ನೊಂದು ದಿನ ಕೇಳದಿದ್ದರೂ ನಾನೇ ಶುರು ಮಾಡಿದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡಳು, ಹೊರಗಿನವರ ಮಾತು ಕೇಳಿಸಿಕೊಳ್ಳುವ ಹಾಗೆ. ನನ್ನ ದನಿ ನನಗೇ ನಾಟಕದ ದನಿಯಾಗಿ ಕೇಳಿಸಿತು. ನಡುವೆ ನಿಲ್ಲಿಸಿಬಿಟ್ಟೆ. ಯಾಕೆ ಹೀಗಾಯಿತು ಎಂದು ಆಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ದೊಡ್ಡವಳಾಗುತ್ತಿದ್ದಾಳೆ, ರಾಜ ರಾಣಿ ಸಾಕಾಗಿರಬೇಕು ಎಂದು ಗಂಡ ಹೇಳಿದರು, ನಾನೂ ಅದನ್ನೇ ನಂಬಿಕೊಂಡೆ. ನಂಬಿದರೆ ಸುಲಭವಿತ್ತು.

ಅವಳು ಒಳ್ಳೆಯ ಹುಡುಗಿಯಾಗಿಯೇ ಬೆಳೆದಳು, ದೂರಲು ಏನೂ ಇಲ್ಲ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಶಾಲೆಯ ಗೇಟು ಕಾಯುವ ಆಸ್ಕರಿಯ ಜೊತೆ ಸ್ವಾಹಿಲಿಯಲ್ಲಿ ಪಟಪಟನೆ ಹರಟುತ್ತಿದ್ದಳು, ತಪ್ಪಾದರೆ ಇಬ್ಬರೂ ನಗುತ್ತಿದ್ದರು. ಅದನ್ನು ಗೇಟಿನಲ್ಲಿ ನಿಂತು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಮಾರು ಹನ್ನೆರಡಾಗುವಷ್ಟರಲ್ಲಿ ಹಿಂದಿನ ಸೀಟಿಗೆ ಹೋದಳು, ಕಿವಿಗೆ ಇಯರ್‌ಫೋನ್ ಬಂತು. ಕೊಕ್ಕರೆಗಳು ದಿನವೂ ಅಲ್ಲೇ ಕೂತಿರುತ್ತಿದ್ದವು. ನಾನೊಬ್ಬಳೇ ಅವನ್ನು ನೋಡಿ, ಮಂತ್ರಿಗಳು ಇವತ್ತೂ ಸುಮ್ಮನೆ ಕೂತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ನಾವು ನೈರೋಬಿಗೆ ಬಂದು ದಶಕ ಮುಗಿಯುತ್ತ ಬಂದಾಗ ನಮ್ಮ ಕಾಂಪೌಂಡಿಗೆ ಬೆಂಗಳೂರಿನಿಂದ ಹೊಸ ಸಂಸಾರ ಬಂತು. ಅವರ ಪುಟ್ಟ ಮಗಳನ್ನೂ ಅದೇ ಶಾಲೆಗೆ ಹಾಕಿದರು. ಬೆಳಿಗ್ಗೆ ಅವಳೂ ನಮ್ಮ ಕಾರಿನಲ್ಲೇ, ನನ್ನ ಮಗಳ ಪಕ್ಕ. ಬಂದು ಸ್ವಲ್ಪ ಕಾಲಕ್ಕೇ ಅವಳೂ ಇಂಗ್ಲಿಷಿಗೆ ತಿರುಗಿದ್ದಳು.

ಒಂದು ದಿನ ಕೊನೆಯ ರೌಂಡಬೌಟಿನ ಹತ್ತಿರ ಎಲ್ಲ ನಿಂತಿತು. ಪುಟ್ಟ ಹುಡುಗಿ ಬೇಜಾರಾಗಿ ಅಳಲು ಶುರುವಿಟ್ಟಳು. ನಾನು ಬಿಸ್ಕತ್ತು ಹುಡುಕುತ್ತಿದ್ದೆ. ಹಿಂದಿನಿಂದ ನನ್ನ ಮಗಳ ದನಿ ಕೇಳಿಸಿತು, ಇಂಗ್ಲಿಷಿನಲ್ಲಿ. ಆ ಹಕ್ಕಿಗಳನ್ನು ನೋಡು, ಅವು ಹಕ್ಕಿಗಳಲ್ಲ, ಒಬ್ಬಳು ರಾಣಿಯ ಮಂತ್ರಿಗಳು.

ನನ್ನ ಕೈ ಬಿಸ್ಕತ್ತಿನ ಪೊಟ್ಟಣದಲ್ಲೇ ಉಳಿಯಿತು.

ಎಲ್ಲವೂ ಇತ್ತು. ಬಂದರು, ಮೆಣಸು, ಸಮುದ್ರಕ್ಕೆ ಎಸೆದ ಕಳ್ಳತೂಕದ ಕಲ್ಲು, ಎಡಗೈಯ ಕತ್ತಿ, ಮಟಾಟು ದೋಣಿಗಳು. ಒಂದನ್ನೂ ಮರೆತಿರಲಿಲ್ಲ. ಅಷ್ಟು ವರ್ಷ ಆ ರಾಜ್ಯ ನನ್ನ ಬೆನ್ನ ಹಿಂದೆಯೇ ಇತ್ತು. ಆಮೇಲೆ ಅವಳು ಆ ಬೆಳಗಿನ ಜಾವಕ್ಕೆ ಬಂದಳು. ಆಚೆ ಉಳಿದ ಹಡಗು, ಮೇಲೇಳಬೇಕಾದ ಸರಪಳಿ. ರಾಣಿ ಕೂಗಲಿಲ್ಲ, ಎಂದಳು. ರಾಣಿ ಹಸಿರು ಬಾವುಟ ಎತ್ತಿದಳು. ಹಡಗಿನವರು ಅದನ್ನು ದೂರದಿಂದಲೇ ನೋಡಿ, ಬಂಡೆಗಳ ಹಿಂದಿನ ಸಣ್ಣ ಕಾಲುವೆಯಿಂದ ಒಳಗೆ ಬಂದರು. ಆಮೇಲೆ ಕೆಂಪು ಬಾವುಟ, ಸರಪಳಿ ಮೇಲೆದ್ದಿತು. ಬಂದರು ಉಳಿಯಿತು, ಹಡಗೂ ಉಳಿಯಿತು.

ನನಗೆ ಹೊಳೆಯದೇ ಹೋದ ದಾರಿ ಅದು. ಮನಸ್ಸಿನಲ್ಲೇ ಭಲೇ ಎಂದೆ.

‘ವೈ ಡಿಡಂಟ್ ಶಿ ಶೌಟ್?’ ಎಂದಳು ಪುಟ್ಟ ಹುಡುಗಿ.

ರಾಣಿ ಮಾತಾಡುವುದನ್ನು ಬಿಟ್ಟಿದ್ದಳು, ಎಂದು ನನ್ನ ಮಗಳು ಹೇಳಿದಳು. ಎಲ್ಲವನ್ನೂ ಬಾವುಟದಲ್ಲೇ ಹೇಳುತ್ತಿದ್ದಳು. ಒಮ್ಮೆ ಅವಳು ತನ್ನ ಬಂಧುಗಳ ಔತಣಕ್ಕೆ ಹೋಗಿದ್ದಳು. ಅಲ್ಲಿ ಸ್ವಲ್ಪ ಊಟ ಕೇಳಿದಳು. ಕೇಳಿದ ರೀತಿಗೆ ಎಲ್ಲರೂ ನಕ್ಕರು. ಮತ್ತೆ ಮತ್ತೆ ಕೇಳು ಎಂದರು, ಮತ್ತೆ ಮತ್ತೆ ನಕ್ಕರು.

‘ವರ್ ದೇ ಬ್ಯಾಡ್?’

‘ನೋ,’ ಎಂದಳು ಮಗಳು. ‘ದೇ ಲೈಕ್ಡ್ ಹರ್.’

ಪುಟ್ಟ ಹುಡುಗಿ ಸ್ವಲ್ಪ ಯೋಚಿಸಿದಳು. ಆಮೇಲೆ ಕೇಳಿದ್ದು, ಅಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರಿಗೂ ಕೇಳಬೇಕೆಂದು ತೋಚದೇ ಇದ್ದದ್ದು. ‘ಡಿಡ್ ಶಿ ಗೆಟ್ ದ ಫುಡ್?’

‘ನೋ. ದೇ ಫರ್ಗಾಟ್.’

ಪೊಲೀಸ್ ಕೈ ಬೀಸಿದ. ಮುಂದಿನ ಕಾರು ಹೊರಟಿತು, ನಾನೂ ಹೊರಟೆ. ಕಣ್ಣು ಮಂಜಾಗಿ ಒಂದು ಮಟಾಟುವಿಗೆ ತಾಗಿಸುವುದರಲ್ಲಿದ್ದೆ. ಆಂಟಿ ಸೌಟನ್ನು ಪಾತ್ರೆಯೊಳಗಿಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಅದು ಮತ್ತೆ ಮೇಲೆ ಬಂದದ್ದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮೈಕಿನ ಮುಂದೆ ನಿಂತಾಗಲೂ ಅವಳ ಕೈಯಲ್ಲಿ ಖಾಲಿ ತಟ್ಟೆ ಇತ್ತು. ಮಗು ಹಸಿದು ಕೇಳಿತ್ತು. ನಾವು ಭಾಷೆ ಕೇಳಿಸಿಕೊಂಡೆವು.

ಸಂಜೆ ಮನೆಗೆ ಬಂದು ಅನ್ನ ಮೆತ್ತಗೆ ಬೇಯಿಸಿ, ಮಾಲಾ ಸುರಿದು, ದಾಳಿಂಬೆ ಬಿಡಿಸಿ ಹಾಕಿ ಮೊಸರನ್ನ ಕಲಸಿದೆ. ಮಗಳು ಫೋನ್ ನೋಡುತ್ತ ಒಂದು ತಟ್ಟೆ ತಿಂದಳು. ನಾನು ಸೌಟು ತುಂಬಿಕೊಂಡು ಅವಳ ಪಕ್ಕದಲ್ಲೇ ನಿಂತಿದ್ದೆ.

‘ಇನ್ನೊಂದು ಸ್ವಲ್ಪ ಹಾಕ್ಲಾ ಪುಟ್ಟಿ?’

ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಹೇಳುತ್ತಾಳೆ ಅನ್ನಿಸಿತು. ‘ನೋ ಅಮ್ಮಾ, ಐಯಾಮ್ ಫುಲ್,’ ಎಂದು ನಕ್ಕು, ತಟ್ಟೆ ತೊಳೆಯಲು ಎದ್ದುಹೋದಳು. ನಾನು ಸೌಟನ್ನು ಪಾತ್ರೆಯೊಳಗೆ ಇಟ್ಟೆ.